ಚೀಲಗಳ ಸವಾರಿ

ಬೆಳಗಿನ ಆರೂಕಾಲಿಗೆ ಬರುವ ಮೊದಲ ಗಿರಾಕಿಗಳು
ಚೀಲಗಳು.
ಹಾಸನದ ಮಂಡಿಯಿಂದ ತಂದ
ಬಿತ್ತನೆ ಆಲೂಗೆಡ್ಡೆಯ ಖಾಲಿ ಗೋಣಿ,
ಹೊಟ್ಟೆಯಲ್ಲೀಗ ಮರಳು,
ಬೆನ್ನ ಮೇಲೆ ನೀಲಿ ಮಸಿಯಲ್ಲಿ ‘ಜಲಂಧರ್’.
ಒಂದೊಂದು ಅರವತ್ತೈದು ಕೆಜಿ.
ನಾನೂ ಮಂಚಯ್ಯನೂ ಆಕಡೆ ಈಕಡೆ ಹಿಡಿದು
ಸೀಟಿಗೆ ಕೂರಿಸಿ, ಎದೆಗೆ ಕಂಬಿ ಇಳಿಸಿ,
ಕೊಕ್ಕೆ ಬಿತ್ತೇ ಎಂದು ಎರಡು ಸಲ ಜಗ್ಗಿ ನೋಡುತ್ತೇವೆ.

ಇಪ್ಪತ್ನಾಲ್ಕು ಜನ ಜಲಂಧರಿನವರು
ಕಟಕಟ ಏರಿ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.
ಅಲ್ಲಿಂದ ಹೆದ್ದಾರಿ ಕಾಣುತ್ತೆ, ಡೇರಿಯ ಹಾಲಿನ ಲಾರಿಗಳು,
ಶಾಂತಿಗ್ರಾಮದ ಕಡೆಯ ಮಂಜು.
ಆಮೇಲೆ ದಬದಬ ಇಳಿದು ಬರುತ್ತಾರೆ.
ಯಾರೂ ಕಿರುಚುವುದಿಲ್ಲ.

ಮುಂದಿನದು ನನ್ನ ಸುತ್ತಿಗೆ.
ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ
ನಿಂತ ರೈಲಿನ ಗಾಲಿ ಬಡಿದು ನೋಡುವವನು.
‘ಗಟ್ಟಿ ಕಬ್ಬಿಣ ಹಾಡುತ್ತೆ ಕಣೇ, ಬಿರುಕು ಬಿಟ್ಟಿದ್ದು ಕೆಮ್ಮುತ್ತೆ.’
ಕೊನೆಗಾಲಕ್ಕೆ ಕಿವಿ ಪೂರಾ ಹೋಗಿತ್ತು;
ಆದರೂ ಮಂಚದ ಕಾಲಿಗೆ ಬಡಿದು
ಬೆರಳಲ್ಲೇ ಕೇಳಿಸಿಕೊಳ್ಳುತ್ತಿದ್ದ.
ನಾನು ಐಟಿಐ ಫಿಟ್ಟರು. ದಿನಕ್ಕೆ ಆರುನೂರ ಹನ್ನೆರಡು ಬೋಲ್ಟು.
ಐಸ್‌ಕ್ರೀಮಿನ ಹುಡುಗರು ಇಟ್ಟ ಹೆಸರು
ಸುತ್ತಿಗೆ ಮೇಡಂ.

ಆ ಹೊತ್ತಿಗೆ ಲಾಜರ ಅಲೆಕೊಳದ ತಳ ಗುಡಿಸುತ್ತಿರುತ್ತಾನೆ:
ಕಾಲ್ಗೆಜ್ಜೆ, ಕ್ಲಿಪ್ಪು, ಒಂದು ಸಲ ಹಲ್ಲಿನ ಸೆಟ್ಟು.
ಮೂರು ವರ್ಷವಾಯಿತು, ಕೇಳಿಕೊಂಡು ಯಾರೂ ಬಂದಿಲ್ಲ.
ಗುಹೆಯ ಬಂಡೆಗಳು ಮುಟ್ಟಿದರೆ ಡಬ್ಬ,
ಒಳಗೆ ಪೊರಕೆ, ಫಿನಾಯಿಲು, ಯಾರದೋ ಊಟದ ಬುತ್ತಿ.
ಕರಡಿಯ ತಲೆ ತಂತಿಯ ಮೇಲೆ ಒಣಗುತ್ತಿರುತ್ತೆ.
ಹತ್ತಕ್ಕೆ ಅದರೊಳಗೆ ಇಳಿಯಬೇಕಾದ ನೂರಿ
ಈಗಲೇ ಒಂದು ದಿನದ ಮಾತೆಲ್ಲ ಆಡಿ ಮುಗಿಸುತ್ತಾಳೆ.
ಕರಡಿ ಮಾತಾಡಕೂಡದು,
ಗುತ್ತಿಗೆಯಲ್ಲೇ ಬರೆದಿದೆ.

ಮಂಗಳವಾರ ಏಳನೇ ಕಂಬದಲ್ಲಿ
ಒಂದು ಕೆಮ್ಮಿತು.

ಮ್ಯಾನೇಜರ್ ಸೋಮಸುಂದರ ಓಡಿ ಬಂದರು.
‘ಎಣ್ಣೆ ಬಿಡಮ್ಮ, ಸರಿಹೋಗುತ್ತೆ.
ಅರಕಲಗೂಡಿನಿಂದ ಐದು ಬಸ್ಸು ಹೊರಟಾಗಿದೆ.’
ಎಣ್ಣೆ ಬಿಟ್ಟೆ. ಬಡಿದೆ.
ಎಣ್ಣೆ ಕುಡಿದೂ ಕೆಮ್ಮಿತು.
ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು
ಪುಸ್ತಕದಲ್ಲಿ ಬರೆದೆ: ಇಂದು ಇಲ್ಲ.
ಬೋಲ್ಟಿಗೆ ಪೀಣ್ಯಕ್ಕೆ ಫೋನು ಹೋಯಿತು.
ನನ್ನ ಸಂಬಳದ ವಿಷಯವಾಗಿ
ಇನ್ನೆಲ್ಲಿಗೋ ಒಂದು ಫೋನು.

ಮಕ್ಕಳು ಬಂದವು. ಹಗ್ಗದ ಈಚೆ ಸಾಲುಗಟ್ಟಿ ನಿಂತವು.
ಮೇಷ್ಟ್ರು ಕೈಮುಗಿದು ಕೇಳಿದರು, ಆಮೇಲೆ ಬೈದರು.
ಇದಕ್ಕೇ ಅಂತ ಎರಡು ತಿಂಗಳು ದುಡ್ಡು ಕೂಡಿಟ್ಟಿದ್ದ ಹುಡುಗ
ಹಗ್ಗದ ಕಂಬಕ್ಕೆ ಒದ್ದು,
ಕಾಲು ಹಿಡಿದುಕೊಂಡು ಕೂತ.
ನೂರಿ ಬಂದು ಕುಣಿದಳು. ಒಂದೂ ನಗಲಿಲ್ಲ.

ಕೆಂಪು ಟೇಪಿನ ಎರಡು ಜಡೆಯವಳು ಮಾತ್ರ
ಸೀಟುಗಳ ಕಡೆ ಬೆರಳು ಮಾಡಿದಳು.
‘ಅವು ಕೂತವಲ್ಲ! ಅವು ದುಡ್ಡು ಕೊಟ್ಟವಾ?’
‘ಇಲ್ಲ. ಅವಕ್ಕೆ ಪುಕ್ಕಟೆ.’
‘ಮೇಲೆ ಹೋದಾಗ ಹೆದರಲ್ವಾ?’
‘ಗೊತ್ತಿಲ್ಲ ಮಗ. ಕಿರುಚೋದಂತೂ ಇಲ್ಲ.
ಅದಕ್ಕೇ ನಂಗೆ ಉಳಿದಿದ್ದು ಕೇಳಿಸೋದು.’
ಅವಳು ಸ್ವಲ್ಪ ಹೊತ್ತು ಬಾಯಿ ಮುಚ್ಚಿ ನಿಂತಳು,
ಏನಾದರೂ ಕೇಳುತ್ತಾ ಎಂದು.
‘ಬರೀ ಕಾಗೆ’ ಅಂದಳು,
ಓಡಿದಳು ನೀರಿನ ಕಡೆ.

ಸಂಜೆಯ ಬಸ್ಸಿನಲ್ಲಿ ಬೋಲ್ಟು ಬಂತು,
ಕಂಡಕ್ಟರನ ಜೇಬಿನಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ.
ಮಂಚಯ್ಯ ಬ್ಯಾಟರಿ ಹಿಡಿದ, ನಾನು ಬಿಗಿದೆ.
ಸುತ್ತಿಗೆ ಎತ್ತಿದ್ದು ನೋಡಿ
ಲಾಜರ ಅಲೆಯ ಮೋಟರು ಆರಿಸಿದ.
ಜ್ಯೂಸಿನ ಅಂಗಡಿಯವನು ಮಿಕ್ಸಿ ನಿಲ್ಲಿಸಿದ.
ನೂರಿ ಕರಡಿಯ ತಲೆ ಕಿತ್ತು
ಕಂಕುಳಲ್ಲಿಟ್ಟುಕೊಂಡು ನಿಂತಳು, ಕೂದಲು ತೊಪ್ಪೆ.
ದೂರದಲ್ಲಿ ಸೋಮಸುಂದರ
ಫೋನು ಕಿವಿಯಿಂದ ಇಳಿಸಿದರು.

ಬಡಿದೆ.

ಇನ್ನೊಂದು ಸಲ ಬಡಿದೆ,
ಬೇಕಿರಲಿಲ್ಲ.