ಐದೂಕಾಲು

ಫೆರ್ರಿ ಇಳಿದು ಬಂದವನ ಚೀಲದಲ್ಲಿ
ಕಿಟಕಿಯ ಮೂಲೆಗಳು ಮಾತ್ರ ಇದ್ದವು:
ಗೇಣುದ್ದಕ್ಕೆ ಕೊಯ್ದ ಬಿಳಿ ಪ್ಲಾಸ್ಟಿಕ್, ಕಂದು ಅಲ್ಯುಮಿನಿಯಂ,
ಮರದ ಹಾಗೆ ಕಾಣುವ, ಮರವಲ್ಲದ ಇನ್ನೊಂದು.
ಹೊಲಿಗೆ ಮೆಷಿನ್ನಿನ ಮೇಲೆ ಸಾಲಾಗಿ ಇಟ್ಟು
"ಉಪ್ಪುಗಾಳಿಗೆ ಏನೂ ಆಗುವುದಿಲ್ಲ ಅಕ್ಕ,
ಇಪ್ಪತ್ತು ವರ್ಷ ಗ್ಯಾರಂಟಿ" ಅಂದ.
ಇಪ್ಪತ್ತು ವರ್ಷ! ಬೆಂಗ್ರೆಯಲ್ಲಿ
ಕಾಲಡಿಯ ಮರಳಿಗೂ ಅಷ್ಟು ಗ್ಯಾರಂಟಿ ಇಲ್ಲ ಮಾರಾಯ.

ಹಳೆಯ ಸರಳನ್ನು ಉಗುರಿನಲ್ಲಿ ಕೆರೆದ.
ತುಕ್ಕು ಪದರ ಪದರ ಎದ್ದು
ಕೋರಿರೊಟ್ಟಿಯ ಹಾಗೆ ಮುರಿದು ಬಿತ್ತು.
ಟೇಪು ಹಿಡಿದ. ಮೇಲೆ ನಲವತ್ತೆಂಟು, ಕೆಳಗೆ ನಲವತ್ತೇಳು.
"ನಿಮ್ಮ ಗೋಡೆಯೇ ಸೊಟ್ಟ."
ಹೌದು. ಯಾರ ಎರಡು ಹೆಗಲು ಸಮ ಇರುತ್ತದೆ?
ಹದಿನೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ,
ಒಬ್ಬಳದ್ದೂ ನೋಡಿಲ್ಲ.

ಉಮಾನಾಥನಿಗೆ ಸ್ಲೈಡಿಂಗೇ ಬೇಕು, ಜತೆಗೆ ಬಲೆ.
ಎರಡು ಸಲ ಮಲೇರಿಯ ಬಂದವನು.
ನಾಲ್ಕು ಕಂಬಳಿಯೊಳಗೆ ಅವನು ನಡುಗುವಾಗ
ಮಂಚದ ಕಾಲು ನೆಲಕ್ಕೆ ಬಡಿದ ಸದ್ದು
ನನಗೂ ನೆನಪುಂಟು. ಬೇಡ ಅನ್ನಲಾರೆ.
ಆದರೂ, ಮೀನಿಗೆ ಹೋಗುವವರ ಮನೆಯಲ್ಲಿ
ಬಲೆ ಇರುವುದು ಹಿಡಿಯುವುದಕ್ಕೆ, ತಡೆಯುವುದಕ್ಕಲ್ಲ.
ಸ್ಲೈಡಿಂಗ್ ಅಂದರೆ ಎಂತ?
ಈ ಕಡೆ ತೆರೆದರೆ ಆ ಕಡೆ ಮುಚ್ಚುತ್ತದೆ.
ಪೂರ್ತಿ ಕಿಟಕಿಯ ದುಡ್ಡು, ಅರ್ಧ ಕಿಟಕಿಯ ಗಾಳಿ.
ಮತ್ತೆ ಇದು ಬರೀ ಕಿಟಕಿಯಲ್ಲ, ನನ್ನ ಅಂಗಡಿ:
ಬಟ್ಟೆ ಒಳಗೆ ಬರುವುದು ಇದರಲ್ಲೇ,
ರವಿಕೆ ಹೊರಗೆ ಹೋಗುವುದೂ,
"ತೋಳು ಬಿಗಿಯಾಯ್ತು" ಅಂತ ಮರಳಿ ಬರುವುದೂ.

ಸೋಮವಾರ ಶೀನ ಆಚಾರಿ ಬಂದು
ಗೆದ್ದಲು ತಿಂದ ಚೌಕಟ್ಟನ್ನು ಕಿತ್ತ. ಹಾರೆ ಬೇಕಾಗಲಿಲ್ಲ,
ಎರಡು ಕೈ ಸಾಕಾಯಿತು.
ಕೆಂಪುಕಲ್ಲಿನ ನಡುವೆ ದೊಡ್ಡದೊಂದು ಬಾಯಿ.
ಅಷ್ಟು ಬೆಳಕಿಗೆ ಸೂಜಿಯ ಕಣ್ಣೂ ಕುಕ್ಕಿತು.

ಮಧ್ಯಾಹ್ನ ಅವ್ವಮ್ಮ ಬಂದಳು.
ಪಕ್ಕದಲ್ಲೇ ಬಾಗಿಲು ತೆರೆದಿತ್ತು, ನೋಡಲಿಲ್ಲ.
ಯಾವಾಗಲೂ ನಿಲ್ಲುವಲ್ಲೇ ನಿಂತು,
ಬಂಗುಡೆ ಸಾರಿನ ಬಟ್ಟಲನ್ನು ಓರೆ ಮಾಡಿ,
ಇಲ್ಲದ ಎರಡು ಸರಳುಗಳ ಸಂದಿಯಲ್ಲಿ
ಮೆಲ್ಲಗೆ, ಮಣಿಕಟ್ಟು ತಿರುಗಿಸಿ, ಒಳಗೆ ದಾಟಿಸಿದಳು.
ಎದುರಿಗೆ ಆನೆ ಹೋಗುವಷ್ಟು ಜಾಗ.
ಇಬ್ಬರೂ ಆ ಬಟ್ಟಲನ್ನು ನೋಡಿದೆವು.
ಅರ್ಧ ತುಂಬಿತ್ತು.

ಹನ್ನೆರಡು ವರ್ಷ ಅರ್ಧ ಬಟ್ಟಲು ಸಾರು.
ಹನ್ನೆರಡು ವರ್ಷ ನಾನು ಮನಸ್ಸಿನೊಳಗೆ
ಅವಳನ್ನು ಜಿಪುಣಿ ಅಂದುಕೊಂಡು,
ಮೇಲೆ ನಗುತ್ತಾ ಪಾತ್ರೆ ತೊಳೆದು ಕೊಟ್ಟವಳು.
ಓರೆ ಮಾಡದೆ ದಾಟದ ಬಟ್ಟಲು
ತುಂಬಿದರೆ ಚೆಲ್ಲುತ್ತದೆ, ಅಷ್ಟೇ ಸಂಗತಿ.
ಬಾಗಿಲಲ್ಲಿ ಯಾಕೆ ಬರುತ್ತಿರಲಿಲ್ಲ ಅಂತ ಕೇಳಿದೆ.
"ನೀನು ಮೆಷಿನ್ ಬಿಟ್ಟು ಏಳಬೇಕಲ್ಲ" ಅಂದಳು.

ಮೂಲೆಗಳ ಹುಡುಗನಿಗೆ ಫೋನು ಮಾಡಿ
ಬೇಡ ಅಂದೆ. ಪಾಪ, ಒಳ್ಳೆಯವನು,
ಒಂದು ಮೂಲೆಯನ್ನು ಮರೆತು ಹೋಗಿದ್ದಾನೆ,
ಈಗ ಅದರಲ್ಲಿ ಬಾಬಿನ್‌ಗಳು ನಿಲ್ಲುತ್ತವೆ.
ಆಚಾರಿ ಕೇಳಿದ, ಹಲಸಿನ ಮರವೇ ಆಗಬಹುದು,
ಸರಳಿನ ನಡುವೆ ಎಷ್ಟು ಬಿಡಲಿ, ನಾಲ್ಕು ಇಂಚು?
ಕುತ್ತಿಗೆಯ ಟೇಪು ತೆಗೆದು ಬಟ್ಟಲಿನ ಬಾಯಿಗೆ ಹಿಡಿದೆ.
"ಐದೂಕಾಲು? ಬೆಕ್ಕು ಬರುತ್ತದೆ!"
ಬರಲಿ, ಈಗೇನು ಬಾರದೆ ಇದ್ದದ್ದಾ?
ಅಳತೆ ಪುಸ್ತಕದಲ್ಲಿ ಅವ್ವಮ್ಮನ ಪುಟ ತೆಗೆದು ಬರೆದೆ:
ಎದೆ ಮೂವತ್ತೆಂಟು, ತೋಳು ಹನ್ನೊಂದು,
ಬಟ್ಟಲು ಐದೂಕಾಲು.

ಗುರುವಾರ ಹೊಸ ಚೌಕಟ್ಟು ಫೆರ್ರಿಯಲ್ಲಿ ಬಂತು,
ಹೊಳೆಯ ನಡುವೆ ನೆಟ್ಟಗೆ ನಿಂತು.
ಅದರೊಳಗೆ ಬಂದರಿನ ಗೋದಾಮು, ಐಸಿನ ಲಾರಿ,
ಒಂದು ಕಾಗೆ,
ಒಂದೊಂದೇ ದಾಟಿ ಹೋದವು.
ಟಿಕೆಟಿನವನು ಅದಕ್ಕೂ ಒಂದು ಆಳಿನ ದುಡ್ಡು ತೆಗೆದುಕೊಂಡ.

ಬಲೆಯನ್ನು ನಾನೇ ಹೊಲಿದೆ,
ರವಿಕೆಯ ಬೆನ್ನಿನ ಹಾಗೆ ನಡುವೆ ಸೀಳಿ, ಪಟ್ಟಿ ಕೊಟ್ಟು,
ಆರು ಕಾಜ, ಆರು ಗುಂಡಿ.
ಹಗಲು ಬಿಚ್ಚಿಯೇ ಇರುತ್ತದೆ.
ಸಂಜೆ ಉಮಾನಾಥ ಬೋಟಿನಿಂದ ಬಂದವನು
ಕಾಲು ತೊಳೆಯುವ ಮೊದಲು
ಕಿಟಕಿಯ ಎದುರು ನಿಂತು ಗುಂಡಿ ಎಣಿಸುತ್ತಾನೆ.