ಹೊಸ ಕಾಲಂ

ಮಳವಳ್ಳಿಯ ಬಿಆರ್‌ಸಿಯಲ್ಲಿ ಎರಡು ದಿನ ತರಬೇತಿ,
ಉಪ್ಪಿಟ್ಟು, ಒಂದು ರಟ್ಟಿನ ಫೈಲು.
'ಪಠ್ಯೇತರ' ಅನ್ನಬಾರದಂತೆ ಇನ್ನು,
'ಸಹಪಠ್ಯ' ಅನ್ನಬೇಕಂತೆ.
ಅಂದೆ.

ನಾಲ್ಕನೇ ಕ್ಲಾಸಿನ ಮಂಟೇಶ
ಮಗ್ಗಿ ತಪ್ಪಿದರೂ ತಪ್ಪದೆ ಬೆಂಚು ಬಡಿಯುವವ:
ಬೆರಳೆರಡು, ಒಮ್ಮೆ ಅಂಗೈ,
ನಡುವೆ ಒಂದು ಗುಟುಕು ಮೌನ.
ಅಜ್ಜ ನೀಲಗಾರನಂತೆ; ನಾನು ವಿಚಾರಿಸಲಿಲ್ಲ.
ಮೂರು ವರ್ಷ ಅದಕ್ಕೇ ನಿಲ್ಲಿಸಿದ್ದೆ
ಬಾಗಿಲಾಚೆ, ಬೇವಿನ ನೆರಳಿಗೆ.

ಈ ಶನಿವಾರ ಬ್ಯಾಗಿಲ್ಲ. ಕರೆದು ಕೂರಿಸಿದೆ,
ರಿಜಿಸ್ಟರು ತೆರೆದೆ, ಕೆಂಪು ಗೆರೆ ಎಳೆದೆ:
ತಾಳ, ಲಯ, ಭಾಗವಹಿಸುವಿಕೆ.
'ಬಡಿಯೋ' ಅಂದೆ.

ಕೈ ಕಟ್ಟಿಕೊಂಡು ಎದ್ದು ನಿಂತ:
'ಇದ್ಕೂ ಮಾರ್ಕ್ಸ್ ಐತಾ ಮಿಸ್ಸು?'

ಪೆನ್ನಿನ ಮುಚ್ಚಳ ಹಾಕಿದೆ.
ಹೊರಗೆ, ಬೇವಿನಡಿ,
ಈಗ ನಾನು ನಿಂತಿದ್ದೇನೆ.
ಒಳಗೆ ಬೆಂಚು
ಮೆಲ್ಲಗೆ ಶುರುವಾಗಿದೆ.