ಮೆಟ್ಟಿ ನಿಂತವಳು

ವಿದ್ಯಾನಗರದ ಮಗ್ಗದ ಶೆಡ್ಡಿಗೆ
ಇವತ್ತು ಎರಡು ಪೇಪರು ಬಂದಿವೆ,
ಒಂದು ಕನ್ನಡದ್ದು, ಒಂದು ಮಲಯಾಳದ್ದು.
ಎರಡರಲ್ಲೂ ಹರಿಣಾಕ್ಷಿ,
ಎರಡರಲ್ಲೂ ಅವಳಮ್ಮನ ಕಣ್ಣೀರು.

ಫೋಟೋದವರು ಬಂದ ದಿನ
ಅಮ್ಮನ ಕಣ್ಣಿಗೆ ಹತ್ತಿಯ ಎಳೆ ಬಿದ್ದಿತ್ತು.
ನಾನೇ ಊದಿ ತೆಗೆದದ್ದು.

ಪ್ರಶ್ನೆಯೆಲ್ಲ ಅಮ್ಮನಿಗೆ, ಸೆಕ್ರೆಟರಿಗೆ,
ಒಂದೆರಡು ನನಗೂ.
ಬಹುಮಾನದ ಸೀರೆ ನೇಯ್ದವಳು
ನೂಲಿನ ಡಬ್ಬಿಯ ಪಕ್ಕ ಕೂತಿದ್ದಳು,
ಉತ್ತರ ತಯಾರು ಮಾಡಿಕೊಂಡು:
ಸಾಸಿವೆ ಹಳದಿಯ ಮಗ್ಗುಲಿಗೆ
ಆ ಬೂದು ಗೆರೆ ಯಾಕೆ ಎಂದು.
ಯಾರೂ ಅದನ್ನು ಕೇಳಲಿಲ್ಲ.

‘ಆಟಿಸಂ ಮೆಟ್ಟಿ ನಿಂತ ಯುವತಿ’
ಓದಿದಳು, ಬೆರಳಿಟ್ಟು, ಎರಡು ಸಲ.
“ಜಲಜಕ್ಕ, ಇದು ತಪ್ಪು.
ನಾನು ಮೆಟ್ಟುವುದು ಮಗ್ಗದ ಕಾಲುಮಣೆ.
ಅದೂ ನಿಂತುಕೊಂಡು ಅಲ್ಲ, ಕೂತು.”

ನಕ್ಕದ್ದು ನಾನು.
ಅವಳು ತಮಾಷೆ ಮಾಡಿರಲಿಲ್ಲ.

ಪವಾಡ ಎಂದು ಬರೆದಿದ್ದಾರೆ, ದೇವರ ವರ ಎಂದೂ.
ಕಿರ್ರೆನ್ನುವ ಫ್ಯಾನಿಗೆ ಅವಳು
ಕಿವಿ ಮುಚ್ಚಿ ಹೊರಗೋಡಿದ ದಿನಗಳು,
ಏಳು ತಿಂಗಳ ಮೇಲೆ ಸೆಕ್ರೆಟರಿ
ಅದಕ್ಕೆ ಎಣ್ಣೆ ಬಿಡಿಸಿದ್ದು,
ಆಮೇಲೆಯೇ ಸೀರೆ ಮುಗಿದದ್ದು
ಎಲ್ಲೂ ಇಲ್ಲ.

ಮಡಚಿಟ್ಟೆ ಪೇಪರನ್ನು, ಸ್ವಲ್ಪ ಸಿಟ್ಟಿನಲ್ಲೇ.
ಆಮೇಲೆ ಹೊಳೆಯಿತು:
ನಾಲ್ಕು ವರ್ಷ ಪಕ್ಕದ ಮಗ್ಗ,
ನಾನಾದರೂ ಏನು ಕೇಳಿದ್ದೆ?
ಉಂಡೆಯಾ, ಬಸ್ಸಿಗೆ ಚಿಲ್ಲರೆ ಇದೆಯಾ.

“ಹರಿಣಾ, ಆ ಬೂದು ಗೆರೆ ಯಾಕೆ?”

ಲಾಳಿ ನಿಂತಿತು.
ನನ್ನ ಮುಖ ನೋಡಲಿಲ್ಲ, ಸೀರೆಯನ್ನೇ ನೋಡುತ್ತ
ಹೇಳತೊಡಗಿದಳು.

ಐದೂಕಾಲರ ಕುಂಬಳೆ ಬಸ್ಸು ಹೋಯಿತು.
ಮುಂದಿನದ್ದೂ.